ಅತಿಥಿಗೃಹದಲ್ಲಿ ಎರಡು ರಾತ್ರಿ

ಅತಿಥಿಯೆಂಬ ಶಬ್ದಕ್ಕೆ ಪಂಡಿತರು ಹೇಳುವ ಅರ್ಥಗಳಲ್ಲಿ ಒಂದು, ತಿಥಿಯನ್ನು ನೋಡದೆ ಬರುವವನು ಎಂಬುದು. ಹೇಳಿಕಳುಹಿಸದೆ, ಹೊತ್ತುಗೊತ್ತಿಲ್ಲದೆ ಬಾಗಿಲಿಗೆ ಬಂದು ನಿಂತವನನ್ನೂ ದೇವರೆಂದು ಕಾಣಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಹಾಗೆ ನೋಡಿದರೆ ಕಳೆದ ಏಪ್ರಿಲ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಎರಡು ರಾತ್ರಿ ತಂಗಿದ್ದ ಮನೆಗೆ ನಾವು ಅತಿಥಿಗಳಾಗಿ ಹೋದೆವೆಂದು ಹೇಳಲಾಗದು. ನಾವು ಹೋಗುವ ತಿಥಿಯು ಒಂದು ತಿಂಗಳ ಮುಂಚೆಯೇ ನಿಶ್ಚಯವಾಗಿತ್ತು. ಮುಂಗಡ ಹಣವೂ ಸಂದಾಯವಾಗಿತ್ತು. ಎಷ್ಟು ಗಂಟೆಗೆ ಬರಬೇಕು, ಎಷ್ಟು ಗಂಟೆಗೆ ಹೊರಡಬೇಕು ಎಂಬುದನ್ನೂ ಬರೆದು ತಿಳಿಸಿದ್ದರು. ಆದರೂ ಆ ಮನೆಯ ಹೆಬ್ಬಾಗಿಲಿನ ಮೇಲೆ ತೈತ್ತಿರೀಯೋಪನಿಷತ್ತಿನ ಆ ಪ್ರಸಿದ್ಧವಾದ ಮಾತು ಹಿತ್ತಾಳೆಯ ಅಕ್ಷರಗಳಲ್ಲಿ ಹೊಳೆಯುತ್ತಿದ್ದಿತು. ಹಣ ಕೊಟ್ಟು ದೇವರಾಗುವುದು ಈ ಕಾಲದ ಅನುಕೂಲಗಳಲ್ಲಿ ಒಂದು ಎಂದು ನಕ್ಕುಕೊಂಡೇ ನಾವು ಒಳಗೆ ಹೋದೆವು. ಹಿಂದಿರುಗುವಾಗ ಅಷ್ಟು ಹಗುರವಾಗಿ ನಗಲಾರದೆ ಬಂದೆವು. ಅದರ ವೃತ್ತಾಂತವನ್ನು ವಾಚಕರಿಗೆ ನಿವೇದಿಸಬೇಕೆಂದು ಈ ನಾಲ್ಕು ಮಾತು.

ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿದ ಸಂದರ್ಭದಲ್ಲಿ ಮಗನೂ ಸೊಸೆಯೂ ಸೇರಿ ನಮಗೆ ಈ ವಿಹಾರವನ್ನು ಉಡುಗೊರೆಯಾಗಿ ಕೊಟ್ಟರು. ಈಗಿನವರು ರಿಸಾರ್ಟೆಂದು ಕರೆಯುವ ವಿಹಾರಧಾಮ ಅದು. ಪ್ರತಿಯೊಂದು ಕುಟುಂಬಕ್ಕೂ ಪ್ರತ್ಯೇಕವಾದ ವಿಲ್ಲಾ, ಪ್ರತಿಯೊಂದು ವಿಲ್ಲಾಕ್ಕೂ ಪ್ರತ್ಯೇಕವಾದ ಈಜುಕೊಳ. ಒಂದು ರಾತ್ರಿಯ ಬಾಡಿಗೆಯನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆನು. ನಾನು ಉಪಾಧ್ಯಾಯನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ವರ್ಷವೆಲ್ಲ ದುಡಿದು ಪಡೆಯುತ್ತಿದ್ದ ಸಂಬಳಕ್ಕಿಂತ ಅದು ಹೆಚ್ಚಾಗಿದ್ದಿತು.

"ಸ್ವಂತ ಮನೆಯಿರುವಾಗ ಇನ್ನೊಬ್ಬರ ಮನೆಯಲ್ಲಿ ಮಲಗುವುದಕ್ಕೆ ಇಷ್ಟು ಹಣವೇ?" ಎಂದಳು ನನ್ನ ಹೆಂಡತಿ.

"ಅತ್ತೆ, ಹಣ ಕಟ್ಟಿ ಆಗಿದೆ, ಹೋಗದಿದ್ದರೆ ಅದು ಹಿಂದಕ್ಕೆ ಬರುವುದಿಲ್ಲ," ಎಂದಳು ಸೊಸೆ. ಅದಕ್ಕೆ ಪ್ರತ್ಯುತ್ತರವಿರಲಿಲ್ಲ. ಹೊರಟೆವು.

ನಮ್ಮ ವಾಸ ರವೀಂದ್ರನಾಥ ಟಾಗೋರ್ ನಗರದಲ್ಲಿ, ಆರ್. ಟಿ. ನಗರವೆಂದರೆ ಎಲ್ಲರಿಗೂ ಗೊತ್ತು, ಪೂರ್ತಿ ಹೆಸರು ಹೇಳಿದರೆ ಆಟೋದವರು ಮುಖ ನೋಡುತ್ತಾರೆ. ಅಲ್ಲಿಂದ ಹೆಬ್ಬಾಳಕ್ಕೆ ಬಂದು ಮೇಲುಸೇತುವೆಯನ್ನು ಹತ್ತಿದೆವು. ಈ ಹೆಬ್ಬಾಳದಲ್ಲಿ 2018ರಲ್ಲಿ ನೆಲವನ್ನು ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಸುಮಾರು ಕ್ರಿ. ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು; ಪೆರ್ಬೊಳಲ್ ನಾಡಿಗಾಗಿ ಹೋರಾಡಿ ಮಡಿದ ಕಿಟ್ಟಯ್ಯನೆಂಬ ವೀರನ ಹೆಸರು ಅದರಲ್ಲಿದೆ. ಸಾವಿರದ ಇನ್ನೂರು ವರ್ಷಗಳಿಗಿಂತ ಹೆಚ್ಚು ಕಾಲ ಮಣ್ಣಿನಲ್ಲಿದ್ದರೂ ಆ ಕಲ್ಲು ಅವನ ಹೆಸರನ್ನು ಬಿಟ್ಟುಕೊಟ್ಟಿರಲಿಲ್ಲ. ಹೆಬ್ಬಾಳವನ್ನು ದಾಟಿದರೆ ಕೃಷಿ ವಿಶ್ವವಿದ್ಯಾಲಯದ ತೋಟಗಳು. ಮುಂದೆ ಯಲಹಂಕ, ನಾಡಪ್ರಭುಗಳ ಊರು. ಅಲ್ಲಿಂದಾಚೆಗೆ ದೇವನಹಳ್ಳಿಯ ಬಳಿ 2008ರಲ್ಲಿ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಆ ರಸ್ತೆಯ ಎರಡು ಕಡೆಯೂ ಗುರುತು ಸಿಕ್ಕದಂತೆ ಬದಲಾಗಿ ಹೋಗಿವೆ. ನಾವು ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗಿ, ಕೆಲವು ಹಳ್ಳಿಗಳನ್ನು ಕಳೆದು, ಉತ್ತರಕ್ಕೆ ನಂದಿಬೆಟ್ಟವು ನೀಲಿಯಾಗಿ ಕಾಣುವ ಒಂದು ಬಯಲನ್ನು ಸೇರಿದೆವು.

ಆ ವಿಹಾರಧಾಮವನ್ನು ಉಷ್ಣವಲಯದ ದ್ವೀಪವೊಂದರ ಮಾದರಿಯಲ್ಲಿ ಕಟ್ಟಿದ್ದರು. ಬಾಲಿದ್ವೀಪದ ರೀತಿಯ ಎತ್ತರವಾದ ಹುಲ್ಲಿನ ಮಾಡು, ಬಿದಿರಿನ ತಡಿಕೆ, ಸಾಲಾಗಿ ನೆಟ್ಟ ತಾಳೆಯ ಜಾತಿಯ ಗಿಡಗಳು, ಆಕಾಶಕ್ಕೆ ತೆರೆದ ಬಚ್ಚಲು. ಇದನ್ನು ನೋಡಿ ನನಗೆ ಮೊದಲು ಬಂದುದು ನಗು. ಬೆಂಗಳೂರು ಇರುವುದು ಉತ್ತರ ಅಕ್ಷಾಂಶ 13 ಡಿಗ್ರಿಯ ಸಮೀಪದಲ್ಲಿ. ಹುಟ್ಟಿದಂದಿನಿಂದ ಉಷ್ಣವಲಯದಲ್ಲಿಯೇ ಬದುಕಿದ ನಾವು, ಅದೇ ಉಷ್ಣವಲಯವನ್ನು ನೋಡುವುದಕ್ಕೆ ಹಣ ತೆತ್ತು ಬಂದಿದ್ದೆವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಳ್ಳಾಗಲಿಲ್ಲ. ಆದರೆ ಬಾಲಿಯು ಕಡಲಿನ ನಡುವಣ ದ್ವೀಪ. ನಮ್ಮದು ಕಡಲ ಮಟ್ಟಕ್ಕೆ ಸುಮಾರು ಮೂರು ಸಾವಿರ ಅಡಿ ಮೇಲಿರುವ ಒಣ ಬಯಲು. ಬೆಂಗಳೂರಿನಲ್ಲಿ 2016ರ ಏಪ್ರಿಲ್ ತಿಂಗಳಲ್ಲಿ ಶಾಖವು 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿದ್ದುಂಟು. 1884ರ ಜನವರಿಯಲ್ಲಿ 7.8ಕ್ಕೆ ಇಳಿದುದೂ ಉಂಟು. ಇಂಥ ಹವೆಯಲ್ಲಿ ಧನುರ್ಮಾಸದ ಬೆಳಗಿನ ಜಾವ ಆ ಮಾಡಿಲ್ಲದ ಬಚ್ಚಲಿನಲ್ಲಿ ಸ್ನಾನಕ್ಕೆ ನಿಲ್ಲುವವರ ಧೈರ್ಯವನ್ನು ಮೆಚ್ಚಬೇಕು. ನಮ್ಮ ಹಿರಿಯರು ದಪ್ಪ ಮಣ್ಣಿನ ಗೋಡೆ, ತೊಟ್ಟಿ, ಹೆಂಚುಗಳನ್ನು ಆರಿಸಿಕೊಂಡುದು ಅಂದಕ್ಕಾಗಿ ಮಾತ್ರವಲ್ಲ.

ಮನೆಯ ನ್ಯೂನತೆಗಳು ಒಂದೊಂದಾಗಿ ಗೋಚರಿಸಿದುವು. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರೂ, ಕಾಲುಗಂಟೆಯ ಬಳಿಕ ಕುದಿನೀರೂ ಬಂದಿತು. ದೀಪದ ಗುಂಡಿಗಳು ಹನ್ನೊಂದು. ಯಾವುದನ್ನು ಒತ್ತಿದರೆ ಯಾವುದು ಹೊತ್ತಿಕೊಳ್ಳುವುದೆಂದು ಎರಡು ದಿನವಾದರೂ ನನಗೆ ಸಿದ್ಧಿಸಲಿಲ್ಲ. ಮಂಚವು ಎಷ್ಟು ಎತ್ತರವೆಂದರೆ ನನ್ನ ಹೆಂಡತಿ ಮಣೆಯೊಂದನ್ನು ತರಿಸಿಕೊಳ್ಳಬೇಕಾಯಿತು. ಬಚ್ಚಲಿಗೆ ಮೂರು ಮೆಟ್ಟಿಲು ಇಳಿಯಬೇಕು. ಮೆಟ್ಟಿಲುಗಳು ಕನ್ನಡಿಯಂತೆ ನುಣುಪಾದ ಕರಿಕಲ್ಲಿನವು. ಹಿಡಿದುಕೊಳ್ಳುವುದಕ್ಕೆ ಒಂದು ಕಂಬಿಯೂ ಇರಲಿಲ್ಲ. ಮೊದಲನೆಯ ದಿನವೇ ಅವಳು ಅದನ್ನು ನೋಡಿ, "ಇದನ್ನು ಕಟ್ಟಿದವರ ಮನೆಯಲ್ಲಿ ವಯಸ್ಸಾದವರು ಯಾರೂ ಇಲ್ಲವೇನೋ," ಎಂದಳು. ನಾನು ಆ ಮಾತನ್ನು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಲಕ್ಷ್ಯಕ್ಕೆ ತಂದುಕೊಳ್ಳದಿರುವುದಕ್ಕೆ ಕಾರಣವಿತ್ತು. ಅಲ್ಲಿ ಕೆಲಸಮಾಡುವ ಜನರ ಆದರವು ಈ ಕೊರತೆಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ನಮ್ಮ ವಿಲ್ಲಾವನ್ನು ನೋಡಿಕೊಳ್ಳುತ್ತಿದ್ದವನು ರಾಯಚೂರಿನ ಕಡೆಯ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷವಿರಬಹುದು. ಮೊದಲ ಗಳಿಗೆಯಲ್ಲಿ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದವನು ನಾನು ಕನ್ನಡದಲ್ಲಿ ಮಾತನಾಡಿಸಿದೊಡನೆಯೇ ಮುಖವರಳಿಸಿ, "ಅಜ್ಜಾರ, ನೀವು ಸಾಲಿ ಮಾಸ್ತರೇನ್ರಿ?" ಎಂದು ಕೇಳಿದನು. ಹೇಗೆ ತಿಳಿಯಿತೆಂದು ಕೇಳಿದರೆ, "ನಿಂತು ಮಾತಾಡಿದ್ರಲ್ರಿ, ಅದಕ್ಕ," ಎಂದನು. ಕೊಠಡಿಯನ್ನು ಒಪ್ಪಮಾಡುತ್ತಿದ್ದವಳು ಅಸ್ಸಾಮಿನ ಹುಡುಗಿ. ಅವಳಿಗೆ ಗೊತ್ತಿದ್ದ ಕನ್ನಡ ಹತ್ತು ಹನ್ನೆರಡು ಮಾತು. ಅವುಗಳಲ್ಲಿ "ಊಟ ಆಯ್ತಾ ಅಮ್ಮ?" ಎಂಬುದೂ ಒಂದಾಗಿದ್ದುದರಿಂದ ನನ್ನ ಹೆಂಡತಿಗೆ ಅವಳ ಭಾಷಾಜ್ಞಾನವು ಸಂಪೂರ್ಣವಾಗಿದೆಯೆಂದೇ ತೋರಿತು.

ರಾತ್ರಿಯ ಊಟಕ್ಕೆ ಹತ್ತಾರು ದೇಶಗಳ ಭಕ್ಷ್ಯಗಳ ಪಟ್ಟಿಯನ್ನು ತಂದರು. ಕಾಲು ಕೆಳಗಿನ ನೆಲದಲ್ಲಿ ಬೆಳೆಯುವ ರಾಗಿಯ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ನನ್ನ ಹೆಂಡತಿ ಮೊಸರನ್ನವಾದರೆ ಸಾಕೆಂದಳು. ಹುಡುಗನು ಸ್ವಲ್ಪ ತಡೆದು, ದನಿ ತಗ್ಗಿಸಿ, "ಅಮ್ಮಾರ, ನಮ್ಮ ಮಂದಿ ಅಡಿಗಿಮನ್ಯಾಗ ಇವತ್ತು ಮುದ್ದಿ, ಬಸ್ಸಾರು ಮಾಡ್ಯಾರ್ರಿ. ನಿಮಗ ಆಗಬಹುದು ಅಂದ್ರ ತರ್ತೀನಿ," ಎಂದನು. ಅದು ಕೆಲಸಗಾರರಿಗಾಗಿ ಮಾಡಿದ ಅಡಿಗೆ. ನಾವು ಕೊಟ್ಟ ಹಣದ ಲೆಕ್ಕಕ್ಕೆ ಸೇರಿದುದಲ್ಲ. ತಿಥಿ ನೋಡದೆ ಬಂದವರಿಗೆ ಬಡಿಸುವಂತೆ ಅದನ್ನು ಬಡಿಸಿದರು. ಆ ರಾತ್ರಿ ನಾವು ನಿಜವಾಗಿ ಅತಿಥಿಗಳಾದೆವು.

ಮರುದಿನ ಬೆಳಗ್ಗೆ ತೋಟದಲ್ಲಿ ಅಡ್ಡಾಡುವಾಗ ಅಲ್ಲಿನ ತೋಟಗಾರನೊಡನೆ ಮಾತಿಗೆ ನಿಂತೆನು. ಸುಮಾರು ನನ್ನ ವಯಸ್ಸಿನವನೇ, ಪಕ್ಕದ ಹಳ್ಳಿಯವನು. ದಾರಿಯ ಅಂಚಿನಲ್ಲಿ ಆಳುದ್ದದ ಒರಟುಕಲ್ಲಿನ ಕಂಬಗಳನ್ನು ನೆಟ್ಟು ಅವುಗಳಿಗೆ ದೀಪ ಕಟ್ಟಿದ್ದರು. ಅವು ಬಾಲಿಯ ಕಲೆಗೆ ಹೊಂದುವಂತೆ ಕಾಣಲಿಲ್ಲ. ಎಲ್ಲಿಂದ ತಂದವೆಂದು ಕೇಳಿದೆನು.

"ತಂದಿದ್ದಲ್ಲ ಸ್ವಾಮಿ, ಇಲ್ಲೇ ಇದ್ದವು. ದ್ರಾಕ್ಷಿ ಚಪ್ಪರದ ಕಲ್ಲು. ಇದು ನಮ್ದೇ ತೋಟ," ಎಂದನು.

ಆ ಸೀಮೆಯು ಬೆಂಗಳೂರು ನೀಲಿ ಎಂಬ ಕಪ್ಪು ದ್ರಾಕ್ಷಿಗೆ ಪ್ರಸಿದ್ಧವಾದುದು. ಕಲ್ಲಿನ ಕಂಬಗಳ ಮೇಲೆ ತಂತಿಯ ಚಪ್ಪರವನ್ನು ಎಳೆದು ಬಳ್ಳಿಯನ್ನು ಹಬ್ಬಿಸುತ್ತಾರೆ. ಇವನ ತಂದೆಯ ಕಾಲದಲ್ಲಿ ನಲವತ್ತು ಅಡಿಯ ಬಾವಿಗೆ ಕಪಿಲೆ ಹೂಡುತ್ತಿದ್ದರಂತೆ. ಆಮೇಲೆ ಪಂಪು ಬಂದಿತು; ಬಾವಿ ಬತ್ತಿತು; ಕೊಳವೆಬಾವಿ ಬಂದಿತು; ಮುನ್ನೂರು ಅಡಿ, ಆರುನೂರು ಅಡಿ, ಕೊನೆಗೆ ಸಾವಿರದ ಇನ್ನೂರು ಅಡಿ ಕೊರೆಸಿದರೂ ಧೂಳು ಮಾತ್ರ ಬಂದಿತು. ಸಾಲಕ್ಕೆ ಜಮೀನು ಮಾರಿಹೋಯಿತು. ಮಾರಿದ ಜಮೀನಿನಲ್ಲಿಯೇ ಈಗ ತಿಂಗಳ ಸಂಬಳಕ್ಕೆ ಗಿಡಗಳಿಗೆ ನೀರು ಕಟ್ಟುತ್ತಾನೆ.

"ನೀರಿಲ್ಲದೆ ತಾನೇ ಮಾರಿದ್ದು? ಈಗ ಈ ಕೊಳಗಳಿಗೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದೆನು.

"ಟ್ಯಾಂಕರ್‌ನಾಗೆ ಬತ್ತದೆ ಸ್ವಾಮಿ. ದುಡ್ಡಿದ್ದೋರ್ಗೆ ಭೂಮಿ ಮೇಲೇ ನೀರು ಸಿಕ್ತದೆ," ಎಂದು ನಕ್ಕನು. ಅವನ ನಗೆಯಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಒಳಕ್ಕೆ ಬಂದು ನಮ್ಮ ಕೊಳದ ಅಳತೆಯನ್ನು ಹೆಜ್ಜೆಯಿಂದ ತೆಗೆದು ಲೆಕ್ಕ ಹಾಕಿದೆನು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಅಡಿ ಆಳ. ಎಂಟುನೂರು ಘನ ಅಡಿ, ಎಂದರೆ ಸುಮಾರು 22,600 ಲೀಟರು. ಅಂಥ ವಿಲ್ಲಾಗಳು ಹನ್ನೆರಡು. ನಾವಿಬ್ಬರೂ ಈಜು ಬಾರದವರು. ಎರಡು ದಿನವೂ ಆ ನೀರಿನಲ್ಲಿ ಇಳಿದವರಲ್ಲ. ಎದುರಿಗೆ ಕಾಣುತ್ತಿದ್ದ ನಂದಿಬೆಟ್ಟದ ಸುತ್ತಿನಲ್ಲಿಯೇ ಅರ್ಕಾವತಿ, ಪಿನಾಕಿನಿ, ಪಾಲಾರ್ ಮೊದಲಾದ ಹೊಳೆಗಳು ಹುಟ್ಟುತ್ತವೆ. ಆ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರನ್ನು ತಂದರು. 1930ರ ದಶಕದಲ್ಲಿ ಇನ್ನೂ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಮತ್ತೊಂದು ಜಲಾಶಯವಾಯಿತು. ಅಂಥ ಹೊಳೆಗಳ ತವರಿನಲ್ಲಿ ಈಗ ಕೆರೆಗಳನ್ನು ತುಂಬಿಸುವುದಕ್ಕೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ ಕೊಳವೆಗಳಲ್ಲಿ ಹಿಂದಕ್ಕೆ ಏರಿಸುತ್ತಿದ್ದಾರೆ. ಬೆಟ್ಟವು ಊರಿಗೆ ನೀರು ಕೊಟ್ಟಿತು. ಊರು ಬೆಟ್ಟದ ಸೀಮೆಗೆ ಬಚ್ಚಲ ನೀರನ್ನು ತೊಳೆದು ಕೊಡುತ್ತಿದೆ.

ಆ ದಿನ ಏಪ್ರಿಲ್ 24. ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿಯೂ ಆಗಸ್ಟ್ ತಿಂಗಳ ನಡುವಿನಾಚೆಗೂ, ಬೆಂಗಳೂರಿನಲ್ಲಿ ಸೂರ್ಯನು ಮಧ್ಯಾಹ್ನ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಉಷ್ಣವಲಯದಲ್ಲಿರುವವರಿಗಲ್ಲದೆ ಬೇರೆಯವರಿಗೆ ಇದು ಲಭ್ಯವಿಲ್ಲ. ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದ ಚಟ ಸುಮ್ಮನಿರಗೊಡಲಿಲ್ಲ. ಹನ್ನೆರಡೂಕಾಲರ ಹೊತ್ತಿಗೆ ಹುಡುಗನನ್ನೂ ಆ ಹುಡುಗಿಯನ್ನೂ ತೋಟಗಾರನನ್ನೂ ಕರೆದು, ನೆಟ್ಟಗೆ ನಿಂತ ಒಂದು ದ್ರಾಕ್ಷಿಯ ಕಂಬದ ಬಳಿ ನಿಲ್ಲಿಸಿದೆನು. ಕಂಬದ ನೆರಳು ಕುಗ್ಗಿ ಕುಗ್ಗಿ ಅದರ ಬುಡದಲ್ಲಿಯೇ ಅಡಗಿತು. ಹುಡುಗನು ತನ್ನ ಕಾಲ ಸುತ್ತ ನೋಡಿಕೊಂಡು, "ಅಜ್ಜಾರ, ನನ್ನ ನೆಳ್ಳೂ ಹೋತ್ರಿ!" ಎಂದು ಕುಣಿದನು. ತೋಟಗಾರನು, "ಅರವತ್ತು ವರ್ಸ ಇದೇ ನೆಲದ ಮೇಲೆ ನಿಂತಿವ್ನಿ, ನೋಡೇ ಇರ್ಲಿಲ್ಲ," ಎಂದನು. ಆ ಬಾಲಿಯ ಅಲಂಕಾರದ ನಡುವೆ ನಾವು ಕಂಡ ನಿಜವಾದ ಉಷ್ಣವಲಯವೆಂದರೆ ಅದೊಂದೇ. ಅದಕ್ಕೆ ಬಾಡಿಗೆ ಕೊಡಬೇಕಾಗಿರಲಿಲ್ಲ.

ಸಂಜೆಯಾಗುತ್ತಲೇ ಮೋಡ ಕವಿಯಿತು. ಅಶ್ವಿನಿ ಮಳೆ ಗುಡುಗು ಸಿಡಿಲುಗಳೊಡನೆ ಬಂದಿತು. ವಿದ್ಯುತ್ತು ಹೋಯಿತು, ಹುಲ್ಲಿನ ಮಾಡು ಎರಡು ಕಡೆ ಸೋರತೊಡಗಿತು. ಕತ್ತಲೆಯಲ್ಲಿ ನನ್ನ ಹೆಂಡತಿ ಬಚ್ಚಲಿಗೆ ಹೋದಳು. ಮಾಡಿಲ್ಲದ ಬಚ್ಚಲು, ಮೆಟ್ಟಿಲುಗಳ ಮೇಲೆ ಮಳೆಯ ನೀರು. ಅವಳು ಜಾರಿ ಬಿದ್ದ ಸದ್ದನ್ನು ನಾನು ಕೇಳಿದೆನು. ಆ ಸದ್ದು ಈಗಲೂ ಒಮ್ಮೊಮ್ಮೆ ರಾತ್ರಿ ನನ್ನನ್ನು ಎಬ್ಬಿಸುತ್ತದೆ.

ಹನ್ನೊಂದು ಗುಂಡಿಗಳಲ್ಲಿ ಒಂದೂ ಕೆಲಸಕ್ಕೆ ಬಾರದ ಆ ಕತ್ತಲೆಯಲ್ಲಿ ನಾನು ಕೂಗಿಕೊಂಡೆನು. ಎರಡು ನಿಮಿಷದೊಳಗಾಗಿ ಹುಡುಗನು ಮಳೆಯಲ್ಲಿ ನೆನೆದುಕೊಂಡೇ ಓಡಿಬಂದನು; ಹಿಂದೆಯೇ ಆ ಹುಡುಗಿ. ಅವಳು ನನ್ನ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡದ ಹತ್ತು ಮಾತುಗಳೂ ಮರೆತುಹೋಗಿ, ತನ್ನ ಭಾಷೆಯಲ್ಲಿಯೇ ಏನೋ ಹೇಳಿ ಸಂತೈಸುತ್ತಿದ್ದಳು. ಕಾರಿನ ಚಾಲಕನನ್ನು ಊಟದ ನಡುವಿನಿಂದ ಎಬ್ಬಿಸಿದರು. ಯಲಹಂಕದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ದೈವಕೃಪೆಯಿಂದ ಮೂಳೆ ಮುರಿದಿರಲಿಲ್ಲ. ಸೊಂಟಕ್ಕೂ ಮಣಿಕಟ್ಟಿಗೂ ಪೆಟ್ಟಾಗಿದ್ದಿತು. ನಡುರಾತ್ರಿ ಹಿಂದಿರುಗಿದಾಗ ಹಾಸಿಗೆಯನ್ನು ಸೋರದ ಕಡೆಗೆ ಎಳೆದು, ಬೆಚ್ಚಗಿನ ನೀರಿನ ಚೀಲವನ್ನಿಟ್ಟು, ಆ ಹುಡುಗಿ ಕಾದಿದ್ದಳು. ಬೆಳಗಾಗುವವರೆಗೆ ಅವಳು ನೆಲದ ಮೇಲೆ ಕುಳಿತೇ ಇದ್ದಳು. ಹೋಗಿ ಮಲಗೆಂದರೆ ತಿಳಿಯದವಳಂತೆ ನಕ್ಕಳು.

ಬೆಳಗ್ಗೆ ಹೊರಡುವ ಮುನ್ನ ಒಂದು ಅಚ್ಚಾದ ಕಾಗದವನ್ನು ತಂದುಕೊಟ್ಟರು. ನಮ್ಮ ವಾಸ್ತವ್ಯಕ್ಕೆ ಐದರಲ್ಲಿ ಎಷ್ಟು ಅಂಕ ಕೊಡುವಿರಿ ಎಂಬುದು ಅದರಲ್ಲಿದ್ದ ಪ್ರಶ್ನೆ. ಬದುಕೆಲ್ಲ ಪರರ ಮಕ್ಕಳಿಗೆ ಅಂಕ ಕೊಟ್ಟವನಾದರೂ ನನ್ನ ಲೇಖನಿ ಮುಂದೆ ಹೋಗಲಿಲ್ಲ. ತೋಟಗಾರನು ಹಿಂದಿನ ದಿನ ಮಾತಿನ ನಡುವೆ ಹೇಳಿದ್ದನು: ಅಂಕ ಕಡಿಮೆಯಾದರೆ ಆ ದಿನ ಕೆಲಸದಲ್ಲಿದ್ದವರ ಸಂಬಳದಲ್ಲಿ ಹಿಡಿಯುತ್ತಾರೆ, ಇದಕ್ಕೆ ಮುಂಚೆ ಒಬ್ಬರು ಅದೇ ಮೆಟ್ಟಿಲಿನ ವಿಷಯವನ್ನು ಬರೆದಾಗಲೂ ಹಾಗೆಯೇ ಆಯಿತು, ಮೆಟ್ಟಿಲು ಇದ್ದಂತೆಯೇ ಇದೆ. ನಾನು ಐದು ಅಂಕ ಕೊಟ್ಟರೆ ಮುಂದೆ ಬರುವ ಮತ್ತೊಬ್ಬ ವೃದ್ಧೆಗೆ ದ್ರೋಹ. ಒಂದು ಕೊಟ್ಟರೆ ರಾತ್ರಿಯೆಲ್ಲ ಕುಳಿತಿದ್ದ ಆ ಹುಡುಗಿಗೆ ದ್ರೋಹ. ಮೂರು ಕೊಡುವುದು ಎರಡು ದ್ರೋಹಗಳನ್ನೂ ಅರ್ಧರ್ಧ ಮಾಡಿದಂತೆ. ಹುಡುಗನು ಪೆಟ್ಟಿಗೆಗಳನ್ನು ಕಟ್ಟುತ್ತ ನಿಂತಿದ್ದನು. ಕಾಗದದ ಕಡೆಗೆ ಒಂದು ಬಾರಿಯೂ ನೋಡಲಿಲ್ಲ. ಬೇಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

ನನ್ನ ಹೆಂಡತಿ ಮಂಚದಲ್ಲಿ ಒರಗಿಕೊಂಡೇ, "ಏನು ಯೋಚನೆ ಮಾಡುತ್ತಿದ್ದೀರಿ?" ಎಂದಳು. ಹೇಳಿದೆನು.

"ನನ್ನನ್ನು ಬೀಳಿಸಿದ್ದು ಕಲ್ಲು, ಎತ್ತಿದವರು ಮಕ್ಕಳು. ಎರಡನ್ನೂ ಒಂದೇ ಅಂಕದಲ್ಲಿ ಏಕೆ ಕೂಡಿಸುತ್ತೀರಿ? ಅಂಕ ಮಕ್ಕಳಿಗೆ ಕೊಡಿ. ಕಲ್ಲಿನ ವಿಷಯ ಕಲ್ಲು ಹಾಕಿಸಿದವರಿಗೆ ಬರೆಯಿರಿ," ಎಂದಳು.

ಹಾಗೆಯೇ ಮಾಡಿದೆನು. ಕಾಗದದಲ್ಲಿ ಸೇವೆಯ ಮುಂದೆ ಐದು ಎಂದು ಬರೆದು, ಮಿಕ್ಕ ಮನೆಗಳನ್ನು ಖಾಲಿ ಬಿಟ್ಟೆನು. ಮನೆಗೆ ಬಂದ ಮೇಲೆ ಯಜಮಾನರಿಗೆ ನಾಲ್ಕು ಪುಟದ ಪತ್ರವನ್ನು ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆನು. ಕಲ್ಲನ್ನು ಒರಟು ಮಾಡಿಸಬೇಕು. ಗೋಡೆಗೆ ಹಿಡಿಕಂಬಿ ಹಾಕಿಸಬೇಕು. ಕತ್ತಲೆಯಲ್ಲಿ ತಾನಾಗಿ ಹತ್ತುವ ಒಂದು ಸಣ್ಣ ದೀಪ ಇಡಿಸಬೇಕು. ಇವಕ್ಕೆಲ್ಲ ತಗಲುವ ವೆಚ್ಚ ಒಂದು ರಾತ್ರಿಯ ಬಾಡಿಗೆಯಷ್ಟೂ ಆಗದು ಎಂದು ವಿವರವಾಗಿ ತಿಳಿಸಿದೆನು. ಇದರಲ್ಲಿ ಕೆಲಸಗಾರರ ತಪ್ಪು ಏನೇನೂ ಇಲ್ಲವೆಂಬುದನ್ನು ಮೊದಲೊಂದು ಬಾರಿ, ಕೊನೆಗೊಂದು ಬಾರಿ ಬರೆದೆನು.

ಹೊರಡುವ ದಿನದ ಒಂದು ನೋಟವನ್ನು ಹೇಳಬೇಕು. ಕಾರಿನ ತನಕ ಗಾಲಿಕುರ್ಚಿಯನ್ನು ತರುತ್ತೇವೆಂದರೂ ನನ್ನ ಹೆಂಡತಿ ಒಪ್ಪಲಿಲ್ಲ. ಒಂದು ಕೈಯನ್ನು ಆ ಹುಡುಗಿಯ ಹೆಗಲಿನ ಮೇಲಿಟ್ಟು, ಇನ್ನೊಂದು ಕೈಯಿಂದ ದಾರಿಯ ಅಂಚಿನ ಒರಟುಕಲ್ಲಿನ ಕಂಬಗಳನ್ನು ಒಂದೊಂದಾಗಿ ಹಿಡಿದುಕೊಂಡು ನಡೆದಳು. ತೋಟಗಾರನು ಮುಂದೆ ಮುಂದೆ ಹೋಗುತ್ತ, ಕಂಬಗಳಿಗೆ ಕಟ್ಟಿದ್ದ ದೀಪದ ತಂತಿಯನ್ನು ಅವಳ ಕೈಗೆ ತಾಕದಂತೆ ಓರೆಮಾಡುತ್ತಿದ್ದನು.

ನಂದಿಬೆಟ್ಟದ ಮೇಲೆ 1927ರ ಬೇಸಗೆಯಲ್ಲಿ ಗಾಂಧಿಯವರು ದೇಹಾಲಸ್ಯದಿಂದ ಬಂದು ವಿಶ್ರಮಿಸಿಕೊಂಡರು. 1936ರಲ್ಲಿ ಇನ್ನೊಮ್ಮೆ ಬಂದರು. ಆ ಬೆಟ್ಟದ ಗಾಳಿಯೂ ಮೌನವೂ ಅವರಿಗೆ ಆಪ್ಯಾಯನವಾದುವೆಂದು ಓದಿದ್ದೇನೆ. ನಮ್ಮ ವಿಲ್ಲಾದ ಅಂಗಳದಿಂದ ಅದೇ ಬೆಟ್ಟ ಕಾಣುತ್ತಿದ್ದಿತು. ಅದೇ ಗಾಳಿ ಬೀಸುತ್ತಿದ್ದಿತು. ಇವೆರಡರ ಜತೆಗೆ ಒಂದು ತಾರಸಿಯ ಮನೆ, ಒರಟು ನೆಲದ ಬಚ್ಚಲು, ಮುದ್ದೆ ಬಸ್ಸಾರು ಮತ್ತು ಆ ಜನ ಇದ್ದಿದ್ದರೆ ಬಾಲಿದ್ವೀಪವನ್ನು ಅಷ್ಟು ದೂರದಿಂದ ಕರೆಸುವ ಶ್ರಮ ಬೇಕಿರಲಿಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ.

ಪತ್ರಕ್ಕೆ ಉತ್ತರ ಒಂದು ತಿಂಗಳಾದ ಮೇಲೆ ಬಂದಿತು. ನುಣುಪಾದ ಕಾಗದ, ನುಣುಪಾದ ಭಾಷೆ. ನಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಕೃತಜ್ಞತೆ. ಮುಂದಿನ ಸಾರಿ ಬಂದರೆ ಬಾಡಿಗೆಯಲ್ಲಿ ಶೇಕಡಾ ಹತ್ತರ ರಿಯಾಯಿತಿ. ಹಿಡಿಕಂಬಿಯ ಮಾತಿರಲಿಲ್ಲ. ನಾನು ಎರಡನೆಯ ಪತ್ರವನ್ನು ಬರೆದಿದ್ದೇನೆ. ಮೂರನೆಯದನ್ನೂ ಬರೆಯುವ ಸಂಕಲ್ಪವಿದೆ.

ಆ ಉತ್ತರ ಬಂದ ವಾರದಲ್ಲಿಯೇ ಒಂದು ಸಂಜೆ ಹುಡುಗನು ದೂರವಾಣಿಯಲ್ಲಿ ಮಾತನಾಡಿದನು.

"ಅಜ್ಜಾರ, ಅಮ್ಮಾರು ಹೆಂಗದಾರ್ರಿ? ನಡ್ಯಾಕ ಬರ್ತದೇನ್ರಿ?"

ನಡೆಯುತ್ತಾಳೆಂದೆನು. ಮೆಟ್ಟಿಲಿಗೆ ಏನಾದರೂ ಮಾಡಿದರೆ ಎಂದು ಕೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೂ ಇಲ್ರಿ. ವಯಸ್ಸಾದವರು ಬಂದ್ರ ನಾವಽ ನಾರಿನ ಚಾಪಿ ಹಾಸಿ, ನಾಕೂ ಮೂಲಿಗೆ ಕಲ್ಲು ಇಡ್ತೀವ್ರಿ. ತೋಟದ ಅಜ್ಜಾರು ಒಂದು ಬಿದಿರಗಳ ಕಟ್ಟಿ ಕೊಟ್ಟಾರ, ಹಿಡ್ಕೊಳ್ಳಾಕ," ಎಂದನು.

ನನ್ನ ಹೆಂಡತಿ ದೂರವಾಣಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮೆಟ್ಟಿಲನ್ನೂ ಬಿದಿರನ್ನೂ ಕುರಿತು ಅವಳು ಕೇಳಲಿಲ್ಲ. "ಹೋದ ತಿಂಗಳ ಸಂಬಳ ನಿನಗೂ ಆ ಹುಡುಗಿಗೂ ಪೂರ್ತಿ ಬಂತೇನಪ್ಪಾ?" ಎಂದು ಕೇಳಿದಳು.

ಪೂರ್ತಿ ಬಂತೆಂದು ಅವನು ಹೇಳಿರಬೇಕು. "ಹಾಗಾದರೆ ಸರಿ," ಎಂದು, ಊಟವಾಯಿತೇ ಎಂದು ವಿಚಾರಿಸತೊಡಗಿದಳು.